ಕಡತದಿಂದ ಪತ್ರಾಗಾರಕ್ಕೆ: ಹಳೆಯ ಮೈಸೂರಿನ ದಾಖಲೆ ಕಾಯ್ದವರ ಚರಿತ್ರೆ

ಬೆಂಗಳೂರಿನ ಹಳೆಯ ಕೋಟೆ, ಅದಕ್ಕೆ ತಾಗಿಕೊಂಡಂತಿರುವ ಚಾಮರಾಜಪೇಟೆ, ಅಲ್ಲಿಂದ ದಕ್ಷಿಣಕ್ಕೆ ಹಬ್ಬಿರುವ ಬಸವನಗುಡಿ ಇವು ಮೂರೂ ಸೇರಿದ ಭಾಗಕ್ಕೆ ಮೈಸೂರು ಸಂಸ್ಥಾನದ ಸರ್ಕಾರಿ ಕಾಗದಪತ್ರಗಳೊಡನೆ ಇರುವ ನಂಟು ಸುಮಾರು ಎರಡು ಶತಮಾನಗಳಷ್ಟು ಹಳೆಯದು. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡು ಕಮಿಷನರ ಆಳ್ವಿಕೆಯನ್ನು ಸ್ಥಾಪಿಸಿದಾಗ ಅದರ ಸಚಿವಾಲಯ ನೆಲೆಗೊಂಡದ್ದು ಈ ಕೋಟೆಯೊಳಗೆ, ಹೈದರ್ ಅಲಿ ಕಟ್ಟಲು ತೊಡಗಿ ಟಿಪ್ಪು ಸುಲ್ತಾನ 1791ರಲ್ಲಿ ಪೂರೈಸಿದ ಮರದ ಕಂಬಗಳ ಅರಮನೆಯಲ್ಲಿ. ಮುಂದೆ ಆ ಸಚಿವಾಲಯದ ಗುಮಾಸ್ತರು, ಶಿರಸ್ತೇದಾರರು, ಅಮಲ್ದಾರರು ಮತ್ತು ಅವರ ಮಕ್ಕಳು ಮನೆ ಕಟ್ಟಿಕೊಂಡ ಬಡಾವಣೆಗಳಲ್ಲಿ ಬಸವನಗುಡಿ ಮುಖ್ಯವಾದುದು. ರಾಜ್ಯವೊಂದರ ನೆನಪನ್ನು ಕಾಪಾಡುವ ಕೆಲಸ ಈ ಭಾಗದ ಜನರ ಕೈಯಲ್ಲಿ ತಲೆಮಾರುಗಳ ಕಾಲ ನಡೆಯಿತು. ಆದರೆ ಅದು ವೃತ್ತಿಯೆಂದು ಹೆಸರು ಪಡೆಯುವುದಕ್ಕೆ, ತನ್ನದೇ ಇಲಾಖೆಯನ್ನು ಕಾಣುವುದಕ್ಕೆ 1973ರವರೆಗೆ ಕಾಯಬೇಕಾಯಿತು. ಕಲ್ಲಿನ ಮೇಲಿನ ಬರಹಕ್ಕೆ 1880ರ ದಶಕದಲ್ಲೇ ಒಂದು ಇಲಾಖೆಯನ್ನು ಒದಗಿಸಿದ ಸಂಸ್ಥಾನ ಕಾಗದದ ಮೇಲಿನ ಬರಹದ ವಿಷಯದಲ್ಲಿ ಇಷ್ಟು ತಡಮಾಡಿದ್ದೇಕೆ, ಆ ತಡದಿಂದ ಏನಾಯಿತು ಎಂಬುದು ಕನ್ನಡ ನಾಡಿನ ಚರಿತ್ರೆಯನ್ನು ಓದುವವರೆಲ್ಲ ಕೇಳಿಕೊಳ್ಳಬೇಕಾದ ಪ್ರಶ್ನೆ.

ಕಾಗದಕ್ಕಿಂತ ಮೊದಲು ಕಡತವಿತ್ತು. ಇಂದು ಕಚೇರಿಯ ಯಾವುದೇ ಫೈಲಿಗೂ ಸಲ್ಲುವ ಈ ಹೆಸರು ಮೂಲದಲ್ಲಿ ಒಂದು ನಿರ್ದಿಷ್ಟ ವಸ್ತುವಿನದು. ಸುಮಾರು ಎಂಟು ಅಂಗುಲದಿಂದ ಒಂದು ಅಡಿ ಅಗಲದ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆಯ ಪಟ್ಟಿಯೊಂದಕ್ಕೆ ಎರಡೂ ಬದಿಯಲ್ಲಿ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಇದ್ದಿಲ ಪುಡಿಯನ್ನು ಬಳಿದು, ಒಣಗಿಸಿ, ನುಣುಪಾದ ಮೇಲೆ ಬೀಸಣಿಗೆಯ ಹಾಗೆ ಮಡಿಕೆ ಮಡಿಕೆಯಾಗಿ ಮಡಿಸಿ, ಎರಡು ತುದಿಗಳಿಗೂ ಮರದ ಹಲಗೆ ಅಂಟಿಸಿದರೆ ಕಡತ ಸಿದ್ಧವಾಗುತ್ತಿತ್ತು. ಅದರ ಕಪ್ಪು ಮೈಮೇಲೆ ಬಳಪದ ಕಲ್ಲಿನಿಂದ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಲು ಬರುತ್ತಿತ್ತು. ಬೇಕಾದದ್ದನ್ನು ಒರೆಸದೆ ಬಿಟ್ಟರೆ ಅದು ಹಲವು ಪೀಳಿಗೆಗಳ ಕಾಲ ಉಳಿಯುತ್ತಿತ್ತು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದು 1810ರಿಂದ 1817ರ ನಡುವೆ ದಕ್ಷಿಣ ಭಾರತದ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಈ ಕಡತವನ್ನು ವಿವರವಾಗಿ ವರ್ಣಿಸಿ, ಅಳಿಸಲು ಬರುವಂಥದ್ದಾದರೂ ಅದು ಕಾಗದಕ್ಕಿಂತ ಬಾಳಿಕೆಯುಳ್ಳದ್ದಿರಬಹುದೆಂಬ ಅಭಿಪ್ರಾಯಕ್ಕೆ ಬಂದಿದ್ದಾನೆ. ಶೃಂಗೇರಿ ಮಠದಲ್ಲಿ ಉಳಿದುಬಂದಿರುವ ಕಡತಗಳು ಆ ಮಾತಿಗೆ ಸಾಕ್ಷಿ.

ಹಳ್ಳಿಯಲ್ಲಿ ಈ ಕಡತವನ್ನು ಬರೆಯುತ್ತಿದ್ದವನು ಶಾನುಭೋಗ. ಊರಿನ ಜಮೀನು, ಕಂದಾಯ, ಕೆರೆ, ಇನಾಂ ಅಂದರೆ ಕಂದಾಯದ ರಿಯಾಯಿತಿಯೊಡನೆ ದತ್ತಿಯಾಗಿ ಬಂದ ಭೂಮಿ, ಇವೆಲ್ಲದರ ಲೆಕ್ಕ ಇಡುವುದು ವಂಶಪಾರಂಪರ್ಯವಾಗಿ ಅವನಿಗೆ ಬಂದ ಹೊಣೆ. ಲೆಕ್ಕದ ಕಟ್ಟುಗಳು ಅವನ ಮನೆಯ ಅಟ್ಟದಲ್ಲೋ ದೇವರಕೋಣೆಯ ಪೆಟ್ಟಿಗೆಯಲ್ಲೋ ಇರುತ್ತಿದ್ದವು. ಸರ್ಕಾರದ ದಾಖಲೆಗೂ ಮನೆತನದ ಸ್ವತ್ತಿಗೂ ನಡುವೆ ಗೆರೆ ಎಳೆಯುವುದು ಕಷ್ಟವಾಗಿದ್ದ ಈ ಏರ್ಪಾಟಿನಲ್ಲಿ ದೋಷಗಳಿದ್ದವು. ಲೆಕ್ಕ ಗೊತ್ತಿದ್ದವನಿಗೆ ಗೊತ್ತಿಲ್ಲದವನ ಮೇಲೆ ಸಿಗುತ್ತಿದ್ದ ಹಿಡಿತ ಅದರಲ್ಲಿ ಮೊದಲನೆಯದು. ಆದರೂ ಒಂದು ಗುಣವನ್ನು ಒಪ್ಪಲೇಬೇಕು. ರಾಜ್ಯಗಳು ಬಿದ್ದು ಏಳುತ್ತಿದ್ದ ಕಾಲದಲ್ಲಿ ರಾಜಧಾನಿಯ ದಫ್ತರ ಸುಟ್ಟರೂ ಹಳ್ಳಿಯ ಕಡತ ಉಳಿಯುತ್ತಿತ್ತು. ಮೈಸೂರಿನ ಸರ್ವೆಗೆಂದು 1799ರ ನಂತರ ಬಂದ ಕಾಲಿನ್ ಮೆಕೆಂಜಿ ಮತ್ತು ಅವನ ಬಲಗೈಗಳಾಗಿದ್ದ ಕಾವಲಿ ಬೊರ್ರಯ್ಯ, ಕಾವಲಿ ಲಕ್ಷ್ಮಯ್ಯ ಸಹೋದರರು ಊರೂರಿನ ಕೈಫಿಯತ್ತುಗಳನ್ನು, ಎಂದರೆ ಸ್ಥಳೀಯ ಚರಿತ್ರೆಯ ಹೇಳಿಕೆಗಳನ್ನು, ಸಂಗ್ರಹಿಸಲು ಸಾಧ್ಯವಾದದ್ದು ಶಾನುಭೋಗರ ಬಳಿ ಹೇಳಲು ಮತ್ತು ತೋರಿಸಲು ಏನಾದರೂ ಇದ್ದುದರಿಂದ.

ದಾಖಲೆ ಇಡುವುದಕ್ಕೆ ಪ್ರತ್ಯೇಕ ಅಧಿಕಾರಿ ಬೇಕೆಂಬ ಆಲೋಚನೆ ಈ ನೆಲಕ್ಕೆ ಹೊಸದೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ತನ್ನ ಎರಡನೆಯ ಅಧಿಕರಣದಲ್ಲಿ ಅಕ್ಷಪಟಲವೆಂಬ ಕಚೇರಿಗೆ ಒಬ್ಬ ಅಧ್ಯಕ್ಷನನ್ನು ನೇಮಿಸಿ, ಆ ಕಟ್ಟಡ ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿರಬೇಕೆಂದೂ ಅದರಲ್ಲಿ ಲೆಕ್ಕದ ಪುಸ್ತಕಗಳಿಗೆ ತಕ್ಕ ಸ್ಥಳವಿರಬೇಕೆಂದೂ ವಿಧಿಸುತ್ತದೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಗರಿಗಳ ನಡುವೆ 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಆರ್. ಶಾಮಶಾಸ್ತ್ರಿಗಳು ಅಲ್ಲಿನ ಗ್ರಂಥಪಾಲಕರು ಎಂಬುದನ್ನು ಇಲ್ಲಿ ನೆನೆಯುವುದು ಉಚಿತ. ಓಲೆಯ ಕಟ್ಟುಗಳನ್ನು ಕಾಯುವ ಹುದ್ದೆಯಲ್ಲಿ ಓದಬಲ್ಲವನೊಬ್ಬ ಇದ್ದುದರಿಂದಲೇ ಲೋಕಕ್ಕೆ ಆ ಪುಸ್ತಕ ಮರಳಿ ದಕ್ಕಿತು.

ಮೈಸೂರಿನಲ್ಲಿ ರಾಜಧಾನಿಯ ಸರ್ಕಾರದ ದಫ್ತರವನ್ನು ಕ್ರಮಪಡಿಸಿದ ಕೀರ್ತಿ ಚಿಕ್ಕದೇವರಾಜ ಒಡೆಯರದು. 1673ರಿಂದ 1704ರವರೆಗೆ ಆಳಿದ ಅವರು ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ಹಂಚಿದರೆಂಬುದು ಸಂಪ್ರದಾಯದ ಹೇಳಿಕೆ. ಅಠಾರಾ ಕಚೇರಿಯೆಂಬ ಹೆಸರು ಆ ಸಂಖ್ಯೆಯಿಂದ ಬಂದದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಗ್ರಂಥಭಂಡಾರವೂ ಪತ್ರವ್ಯವಹಾರವೂ ಗೆದ್ದವರ ವಶವಾಗಿ ಕಲ್ಕತ್ತೆಗೂ ಲಂಡನ್ನಿಗೂ ಹೋದವು. 1811ರಲ್ಲಿ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಆ ಪತ್ರಗಳಲ್ಲಿ ಕೆಲವನ್ನು ಆಯ್ದು ಇಂಗ್ಲಿಷಿನಲ್ಲಿ ಪ್ರಕಟಿಸಿದ. ಮೈಸೂರಿನ ದಾಖಲೆಗಳು ಮೈಸೂರನ್ನು ಬಿಟ್ಟು ಹೋಗುವ ಪರಿಪಾಠ ಅಲ್ಲಿಂದ ಆರಂಭವಾಯಿತೆನ್ನಬಹುದು.

ಕೋಟೆಯ ಅರಮನೆಯಲ್ಲಿ ಕಮಿಷನರ ಕಚೇರಿ 37 ವರ್ಷ ನಡೆಯಿತು. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಅಲ್ಲಿಂದಲೇ ಸಂಸ್ಥಾನವನ್ನು ಆಳಿದ. ಹಿಂದಿನ ಆಡಳಿತದಿಂದ ಬಳುವಳಿಯಾಗಿ ಬಂದ ಲೆಕ್ಕಪತ್ರಗಳು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇದ್ದವು. ಮರಾಠಿಯದು ಮೋಡಿ ಲಿಪಿ, ಲೇಖನಿಯನ್ನು ಹೆಚ್ಚು ಎತ್ತದೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓಡುಬರಹದಲ್ಲಿ ಬರೆಯುವಂಥದು. ಮೇಲಿನ ಸ್ತರದ ವ್ಯವಹಾರ ಇಂಗ್ಲಿಷಿಗೆ ತಿರುಗಿದಂತೆಲ್ಲ ದಫ್ತರದಲ್ಲಿ ಹಲವು ಭಾಷೆಗಳ, ಹಲವು ಬಗೆಯ ಕಾಗದಗಳು ಒಟ್ಟಿಗೆ ಸೇರಿದವು. ಅಷ್ಟು ಹೊತ್ತಿಗೆ ಅರಮನೆಯ ಜಾಗ ಸಾಲದೆ ಹೋಗಿ, ಲೆವಿನ್ ಬೌರಿಂಗ್ ಕಮಿಷನರ್ ಆಗಿದ್ದಾಗ 1864ರಲ್ಲಿ ಇಂದಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಕೆಂಪು ಬಣ್ಣದ ಹೊಸ ಕಟ್ಟಡಕ್ಕೆ ಕೈಹಾಕಿ 1868ರಲ್ಲಿ ಕಚೇರಿಗಳನ್ನೆಲ್ಲ ಅಲ್ಲಿಗೆ ಒಯ್ದರು. ಹದಿನೆಂಟು ಇಲಾಖೆಗಳ ಹಳೆಯ ಹೆಸರನ್ನೇ ಹೊತ್ತ ಆ ಅಠಾರಾ ಕಚೇರಿ ಇಂದು ಉಚ್ಚ ನ್ಯಾಯಾಲಯ.

ಹೊಸ ಕಟ್ಟಡದಲ್ಲಿ ಕಡತವೆಂಬುದಕ್ಕೆ ಹೊಸ ರೂಪ ಬಂತು. ಒಂದು ವಿಷಯಕ್ಕೆ ಒಂದು ಫೈಲು. ಅದರಲ್ಲಿ ಬಂದ ಪತ್ರಗಳದೊಂದು ಭಾಗ, ಆ ಪತ್ರಗಳ ಮೇಲೆ ಗುಮಾಸ್ತನಿಂದ ಹಿಡಿದು ದಿವಾನರವರೆಗೆ ಒಬ್ಬೊಬ್ಬರೂ ಬರೆದ ಟಿಪ್ಪಣಿಯದು ಇನ್ನೊಂದು ಭಾಗ. ಕೊನೆಗೆ ಸರ್ಕಾರದ ನಡವಳಿ, ಅಂದರೆ ಹಿನ್ನೆಲೆಯನ್ನು ಹೇಳಿ ತೀರ್ಮಾನವನ್ನು ಕೊಡುವ ಆದೇಶ. ಚರಿತ್ರೆಕಾರನಿಗೆ ನಡವಳಿಗಿಂತ ಟಿಪ್ಪಣಿ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ನಡವಳಿ ಸರ್ಕಾರ ಏನು ಮಾಡಿತೆಂಬುದನ್ನು ಮಾತ್ರ ಹೇಳುತ್ತದೆ; ಯಾರು ಒಪ್ಪಲಿಲ್ಲ, ಯಾವ ಖರ್ಚಿಗೆ ಅಂಜಿದರು, ಯಾವ ಅರ್ಜಿಯನ್ನು ಬದಿಗಿಟ್ಟರು ಎಂಬುದೆಲ್ಲ ಟಿಪ್ಪಣಿಯಲ್ಲಿರುತ್ತದೆ. ಈ ಕಾಗದಗಳನ್ನು ಟ್ಯಾಗು ದಾರದಲ್ಲಿ ಪೋಣಿಸಿ, ಬಟ್ಟೆಯಲ್ಲಿ ಕಟ್ಟಿ, ವರ್ಷವಾರು ಹಲಗೆಯ ಮೇಲೆ ಜೋಡಿಸುತ್ತಿದ್ದ ನೌಕರನಿಗೆ ದಫ್ತರ್‌ಬಂದ್ ಎಂದು ಹೆಸರು. ಸಚಿವಾಲಯದ ಕೆಳಗಿನ ಮೆಟ್ಟಿಲಲ್ಲಿದ್ದ ಆತನಿಗೂ ಅವನ ಮೇಲಿನ ರೆಕಾರ್ಡ್ ಕೀಪರನಿಗೂ ಓದಿನ ತರಬೇತಿಯಾಗಲಿ ಬಡ್ತಿಯ ಭರವಸೆಯಾಗಲಿ ಹೆಚ್ಚೇನೂ ಇರಲಿಲ್ಲ. 1891ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾ ಪರೀಕ್ಷೆ ಬಂದು ಪ್ರತಿಭಾವಂತ ಪದವೀಧರರಿಗೆ ದಾರಿ ತೆರೆದಾಗ ಆ ದಾರಿ ಕಂದಾಯ, ನ್ಯಾಯ, ಅಬಕಾರಿಗಳ ಕಡೆಗೆ ಹೋಯಿತೇ ಹೊರತು ದಾಖಲೆ ಕೊಠಡಿಯ ಕಡೆಗೆ ಹೋಗಲಿಲ್ಲ.

ಆ ಪದವೀಧರರಲ್ಲಿ ಮತ್ತು ಅವರ ಕೈಕೆಳಗಿನ ಗುಮಾಸ್ತರಲ್ಲಿ ಅನೇಕರು ಬಸವನಗುಡಿಯ ನಿವಾಸಿಗಳಾದದ್ದು ಪ್ಲೇಗಿನ ನಂತರ. ಚಾಮರಾಜಪೇಟೆಯನ್ನು 1892ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ನಿರ್ಮಿಸಲಾಗಿತ್ತು. 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕು ಪೇಟೆಯ ಇಕ್ಕಟ್ಟಿನ ಕೇರಿಗಳಿಂದ ಜನ ಹೊರಗೆ ಹೋಗಬೇಕಾಗಿ ಬಂದಾಗ ದಕ್ಷಿಣದಲ್ಲಿ ಸುಮಾರು 440 ಎಕರೆಯ ಬಸವನಗುಡಿಯೂ ಉತ್ತರದಲ್ಲಿ ಸುಮಾರು 291 ಎಕರೆಯ ಮಲ್ಲೇಶ್ವರವೂ ಬೆಳೆದವು. ನಿವೇಶನದ ಹಂಚಿಕೆ, ರಸ್ತೆಯ ಅಗಲ, ಚರಂಡಿ, ನೀರು ಇವೆಲ್ಲವೂ ಸರ್ಕಾರದ ಫೈಲುಗಳ ಮೂಲಕವೇ ತೀರ್ಮಾನವಾದವು. ಹೀಗಾಗಿ ಈ ಬಡಾವಣೆಗಳ ಚರಿತ್ರೆಯನ್ನು ಬರೆಯಲು ಇಂದು ಯಾರಾದರೂ ಹೊರಟರೆ ಸ್ಥಳಪುರಾಣಕ್ಕಿಂತ ಮೊದಲು ನೋಡಬೇಕಾದದ್ದು ಮೈಸೂರು ಸಚಿವಾಲಯದ ಮುನಿಸಿಪಲ್ ಮತ್ತು ಪ್ಲೇಗ್ ಕಡತಗಳನ್ನು.

ಇದೇ ಕಾಲದಲ್ಲಿ ಕಲ್ಲಿನ ಬರಹದ ಅದೃಷ್ಟ ಬೇರೆಯಾಗಿತ್ತು. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಬೆಂಜಮಿನ್ ಲೂಯಿಸ್ ರೈಸ್ 1877ರಲ್ಲಿ ಮೈಸೂರು ಗೆಜೆಟಿಯರನ್ನು ಸಿದ್ಧಪಡಿಸಿ, ಮುಂದೆ ಸಂಸ್ಥಾನದ ಪುರಾತತ್ತ್ವ ಸಂಶೋಧನೆಯ ಮುಖ್ಯಸ್ಥನಾಗಿ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಹೊರತಂದ. ಅವನ ನಂತರ 1906ರಲ್ಲಿ ಬಂದ ಆರ್. ನರಸಿಂಹಾಚಾರ್ಯರು ಶಾಸನದಷ್ಟೇ ಶ್ರದ್ಧೆಯಿಂದ ಕಾಗದವನ್ನೂ ನೋಡಬಲ್ಲವರಾಗಿದ್ದರೆಂಬುದಕ್ಕೆ 1916ರಲ್ಲಿ ಶೃಂಗೇರಿ ಮಠದಲ್ಲಿ ಅವರು ಕಂಡುಹಿಡಿದ ಟಿಪ್ಪು ಸುಲ್ತಾನನ ಸುಮಾರು ಮೂವತ್ತು ಕನ್ನಡ ಪತ್ರಗಳು ನಿದರ್ಶನ. 1791ರಲ್ಲಿ ಮರಾಠಾ ದಂಡಿನವರಿಂದ ಮಠ ಲೂಟಿಯಾದ ಪ್ರಸಂಗವೂ ಅದರ ಪುನಃಪ್ರತಿಷ್ಠೆಗೆ ಸುಲ್ತಾನ ನೆರವಾದದ್ದೂ ಆ ಪತ್ರಗಳಿಂದ ವಿದ್ವತ್‌ಲೋಕಕ್ಕೆ ತಿಳಿಯಿತು. ಗಮನಿಸಬೇಕಾದ ಸಂಗತಿ ಇದು: ಆ ಪತ್ರಗಳು ಉಳಿದದ್ದು ಪತ್ರ ಬರೆದ ಸರ್ಕಾರದ ಬಳಿ ಅಲ್ಲ, ಪತ್ರ ಪಡೆದ ಮಠದ ಬಳಿ.

1927ರಿಂದ 1930ರವರೆಗೆ ಹೊಸ ಮೈಸೂರು ಗೆಜೆಟಿಯರನ್ನು ಸಂಪಾದಿಸಿ ಆಮೇಲೆ ಮೈಸೂರಿನ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಬರೆದ ಸಿ. ಹಯವದನ ರಾವ್, 1936ರಲ್ಲಿ ಮಾಡರ್ನ್ ಮೈಸೂರ್ ಪ್ರಕಟಿಸಿದ ಎಂ. ಶಾಮರಾವ್ ಮೊದಲಾದವರು ಬೆಂಗಳೂರಿನ ದಾಖಲೆಗಳನ್ನು ಬಳಸಿಕೊಂಡವರು. ಇವರ ಪುಸ್ತಕಗಳು ಇಂದಿಗೂ ಆಧಾರಗ್ರಂಥಗಳು. ಆದರೂ ಒಂದು ಸಾರ್ವಜನಿಕ ಪತ್ರಾಗಾರ, ಎಂದರೆ ಸರ್ಕಾರದ ಹಳೆಯ ಕಾಗದಗಳನ್ನು ಸರ್ಕಾರಕ್ಕೆ ಸಂಬಂಧಪಡದ ಯಾವ ಓದುಗನೂ ಕೇಳಿ ನೋಡಬಹುದಾದ ಸಂಸ್ಥೆ, ಆಗ ಇರಲಿಲ್ಲವಾದ್ದರಿಂದ ಅಧಿಕಾರಿಯಾಗಿದ್ದವರಿಗೆ ಅಥವಾ ಅಧಿಕಾರಿಗಳ ವಿಶ್ವಾಸ ಗಳಿಸಿದವರಿಗೆ ಮಾತ್ರ ಮೈಸೂರಿನ ಚರಿತ್ರೆ ಬರೆಯುವುದು ಸಾಧ್ಯವಿತ್ತು. ಆ ಚರಿತ್ರೆಗಳು ದಿವಾನರ ಸಾಧನೆಗಳ ಸುತ್ತ ಕಟ್ಟಿಕೊಂಡದ್ದಕ್ಕೆ ಇದೊಂದು ಮುಖ್ಯ ಕಾರಣವೆಂದು ತೋರುತ್ತದೆ.

ಬ್ರಿಟಿಷ್ ಪ್ರಾಂತಗಳ ಸ್ಥಿತಿ ಭಿನ್ನವಾಗಿತ್ತು. ಬೊಂಬಾಯಿಯಲ್ಲಿ 1821ರಲ್ಲಿ ರೆಕಾರ್ಡ್ ಆಫೀಸು ಆರಂಭವಾಗಿತ್ತು. ಕಲ್ಕತ್ತೆಯಲ್ಲಿ 1891ರಲ್ಲಿ ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್ ಸ್ಥಾಪನೆಯಾಯಿತು, ಅದೇ ಇಂದು ದೆಹಲಿಯಲ್ಲಿರುವ ರಾಷ್ಟ್ರೀಯ ಪತ್ರಾಗಾರ. ಮದರಾಸಿನ ಎಗ್ಮೋರಿನಲ್ಲಿ 1909ರಲ್ಲಿ ದಾಖಲೆಗಳಿಗೆಂದೇ ಕಟ್ಟಿದ ಕಟ್ಟಡ ಸಿದ್ಧವಾಯಿತು. ಆ ಮದರಾಸ್ ರೆಕಾರ್ಡ್ ಆಫೀಸಿನ ಕ್ಯುರೇಟರ್ ಹುದ್ದೆಯನ್ನು 1934ರಿಂದ 1958ರಲ್ಲಿ ತೀರಿಕೊಳ್ಳುವವರೆಗೆ ವಹಿಸಿದ್ದವರು ದಕ್ಷಿಣ ಕನ್ನಡದ ಪುತ್ತೂರಿನಲ್ಲಿ 1908ರಲ್ಲಿ ಜನಿಸಿದ ಬಂಟ್ವಾಳ ಸುರೇಂದ್ರನಾಥ ಬಾಳಿಗಾ. ಲಂಡನ್ನಿನಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದು ಬಂದ ಬಾಳಿಗಾ ಒಂದು ದಾಖಲೆ ಕಚೇರಿಯಲ್ಲಿ ಕಾಲು ಶತಮಾನ ಕಳೆದು, ಅಲ್ಲಿನ ಕಾಗದಗಳ ಆಧಾರದ ಮೇಲೆ ಮದರಾಸ್ ಆಡಳಿತದ ಚರಿತ್ರೆಯನ್ನು ಕುರಿತು ಪ್ರಬಂಧಗಳನ್ನು ಬರೆದು, ತಂಜಾವೂರು, ಮಧುರೆ ಮೊದಲಾದ ಜಿಲ್ಲೆಗಳ ಕೈಪಿಡಿಗಳನ್ನು ಸಿದ್ಧಪಡಿಸಿದರು. ಸರ್ಕಾರಿ ಪತ್ರಾಗಾರ ಅಧಿಕಾರಿಯ ವೃತ್ತಿ ಎಂದರೆ ಏನಾಗಬಲ್ಲದು ಎಂಬುದಕ್ಕೆ ಕನ್ನಡ ಕರಾವಳಿ ಕೊಟ್ಟ ಅತ್ಯುತ್ತಮ ಉದಾಹರಣೆ ಅವರು. ಕಾಗದವನ್ನು ಕಾಯುವವನು, ಅದರ ಸೂಚಿಯನ್ನು ತಯಾರಿಸುವವನು ಮತ್ತು ಅದರಿಂದ ಚರಿತ್ರೆ ಬರೆಯುವವನು ಒಬ್ಬನೇ ಆದಾಗ ಸಂಸ್ಥೆಗೂ ಶಾಸ್ತ್ರಕ್ಕೂ ಎಷ್ಟು ಲಾಭವೆಂಬುದು ಬಾಳಿಗಾ ಅವರ ಬಾಳಿನಿಂದ ಸ್ಪಷ್ಟವಾಗುತ್ತದೆ. ಅವರು ಬೆಂಗಳೂರಿಗೆ ಬಂದಿದ್ದರೆ ಅವರಿಗೆ ಇಲ್ಲಿ ಅಂಥ ಹುದ್ದೆಯೇ ಇರಲಿಲ್ಲ.

1956ರಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ಬಂದವು. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧಕ್ಕೆ ಸಚಿವಾಲಯ ಸ್ಥಳಾಂತರವಾಯಿತು. ಭಾಷಾವಾರು ಪುನರ್ವಿಂಗಡಣೆಯಿಂದ ರಾಜ್ಯ ದೊಡ್ಡದಾಯಿತು. ನಾಡು ಕೂಡಿತು, ಆದರೆ ನಾಡಿನ ಕಾಗದಗಳು ಕೂಡಲಿಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳ ಹಳೆಯ ದಾಖಲೆಗಳ ಬಹುಭಾಗ ಮುಂಬಯಿಯಲ್ಲಿತ್ತು. ಕಲಬುರಗಿ, ರಾಯಚೂರು, ಬೀದರಗಳದು ಪಾರಸಿ ಮತ್ತು ಉರ್ದುವಿನಲ್ಲಿ ಹೈದರಾಬಾದಿನಲ್ಲಿತ್ತು. ಮಂಗಳೂರಿನದು, ಅದೇ ಜಿಲ್ಲೆಗೆ ಸೇರಿದ್ದು ಆ ವರ್ಷ ಕೇರಳಕ್ಕೆ ಹೋದ ಕಾಸರಗೋಡಿನದು, ಮದರಾಸಿನಲ್ಲಿತ್ತು. ಬೆಂಗಳೂರಿನಲ್ಲೇ ಇದ್ದ ಮೈಸೂರು ರೆಸಿಡೆನ್ಸಿಯ, ಅಂದರೆ ಬ್ರಿಟಿಷ್ ಪ್ರತಿನಿಧಿಯ ಕಚೇರಿಯ, ದಾಖಲೆಗಳು ದೆಹಲಿಗೆ ಹೋಗಿದ್ದವು. ಕರ್ನಾಟಕದ ಆಧುನಿಕ ಚರಿತ್ರೆಯನ್ನು ಸಮಗ್ರವಾಗಿ ಬರೆಯಬಯಸುವವನು ಇಂದಿಗೂ ಐದಾರು ಊರುಗಳಿಗೆ ಅಲೆಯಬೇಕಾದದ್ದು ಈ ಕಾರಣದಿಂದ. ರಾಜ್ಯದ ಸ್ವಾತಂತ್ರ್ಯ ಹೋರಾಟದ ಚರಿತ್ರೆಯ ಮೊದಲ ಸಂಪುಟ 1962ರಲ್ಲಿಯೂ ಎರಡನೆಯದು 1964ರಲ್ಲಿಯೂ ಎಂ.ವಿ. ಕೃಷ್ಣರಾವ್ ಮತ್ತು ಜಿ.ಎಸ್. ಹಾಲಪ್ಪ ಅವರ ಹೊಣೆಗಾರಿಕೆಯಲ್ಲಿ ಹೊರಬಂದಾಗ ಈ ಚದುರುವಿಕೆಯ ಕಷ್ಟ ಎಲ್ಲರಿಗೂ ಅರಿವಾಗಿರಬೇಕು.

ಹಳ್ಳಿಯ ಮಟ್ಟದಲ್ಲಿ ಇನ್ನೂ ದೊಡ್ಡ ಪಲ್ಲಟ ನಡೆಯಿತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾನೂನು 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳು ಕೊನೆಗೊಂಡವು. ಸಮಾನತೆಯ ದೃಷ್ಟಿಯಿಂದ ಅದು ಆಗಲೇಬೇಕಾಗಿದ್ದ ಕೆಲಸ. ಚಾಲ್ತಿಯಲ್ಲಿದ್ದ ಲೆಕ್ಕಗಳು ಸರ್ಕಾರಿ ಗ್ರಾಮಲೆಕ್ಕಿಗರ ಕೈ ಸೇರಿದವು. ಚಾಲ್ತಿಯಲ್ಲಿಲ್ಲದ ಹಳೆಯ ಕಡತ, ಓಲೆ, ಸನದುಗಳನ್ನು ಕೇಳಿ ಪಡೆಯಲು ಮಾತ್ರ ಯಾವ ಇಲಾಖೆಯೂ ಸಿದ್ಧವಾಗಿರಲಿಲ್ಲ, ಏಕೆಂದರೆ ಅಂಥ ಇಲಾಖೆಯೇ ಹುಟ್ಟಿರಲಿಲ್ಲ. ಪತ್ರಾಗಾರ ಹತ್ತು ವರ್ಷ ಮೊದಲೇ ಇದ್ದಿದ್ದರೆ ಹಳೆಯ ಮೈಸೂರಿನ ಗ್ರಾಮಚರಿತ್ರೆಯ ಸಾಮಗ್ರಿ ಇಂದು ಹಲವು ಪಟ್ಟು ಹೆಚ್ಚಿರುತ್ತಿತ್ತು.

ಕೇಂದ್ರ ಸರ್ಕಾರ 1972ರ ಡಿಸೆಂಬರಿನಲ್ಲಿ ದಾಖಲೆಗಳ ರಕ್ಷಣೆಗೆ ಸಂಬಂಧಿಸಿದ ನೀತಿ ನಿರ್ಣಯವನ್ನು ಹೊರಡಿಸಿತು. 1973ರಲ್ಲಿ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ರೂಪುಗೊಂಡು ವಿಧಾನಸೌಧದ ನೆಲಮಹಡಿಯಲ್ಲಿ ನೆಲೆಸಿತು. ಕಾಲಕ್ರಮದಲ್ಲಿ ಮೈಸೂರು, ಧಾರವಾಡ, ಕಲಬುರಗಿಗಳಲ್ಲಿ ವಿಭಾಗೀಯ ಕಚೇರಿಗಳು ತೆರೆದವು. ಜನರಲ್ ಅಂಡ್ ರೆವಿನ್ಯೂ ಸೆಕ್ರೆಟೇರಿಯೇಟ್ ಎಂದು ಕರೆಯುವ ಹಳೆಯ ಮೈಸೂರು ಸಚಿವಾಲಯದ ಕಡತರಾಶಿ ಬೆಂಗಳೂರಿನ ಸಂಗ್ರಹದ ಬೆನ್ನೆಲುಬಾದರೆ, ಅರಮನೆಯ ದಾಖಲೆಗಳು ಮೈಸೂರಿನ ವಿಭಾಗೀಯ ಕಚೇರಿಯ ಹಿರಿಮೆ. ಅರಮನೆಯ ಆಶ್ರಯದಲ್ಲಿದ್ದ ಸಂಗೀತಗಾರರು, ನಟರು, ಕಲಾವಿದರಿಗೆ ಸಂಬಂಧಿಸಿದ ಪತ್ರಗಳನ್ನು ಆಯ್ದು ಪ್ರಕಟಿಸಿದ ಸಂಪುಟ, ಸಂಬಳ, ಇನಾಮು, ರಜೆಯ ಅರ್ಜಿಗಳಂಥ ಒಣಕಾಗದಗಳಿಂದಲೇ ಕಲೆಯ ಚರಿತ್ರೆಯನ್ನು ಎಷ್ಟು ಸಮೀಪದಿಂದ ನೋಡಬಹುದೆಂಬುದನ್ನು ತೋರಿಸಿಕೊಟ್ಟಿದೆ.

ಇಲಾಖೆ ಬಂದ ಮೇಲೆ ಹುದ್ದೆಗೊಂದು ಶಾಸ್ತ್ರ ಬಂತು. ಚರಿತ್ರೆಯಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಶಾಲೆಯಲ್ಲಿ ಒಂದು ವರ್ಷದ ಡಿಪ್ಲೊಮಾ ಎಂಬುದು ಈ ವೃತ್ತಿಗೆ ರೂಢಿಯ ದಾರಿ. ಅಲ್ಲಿ ಕಲಿಯುವ ಮೊದಲ ಪಾಠವೆಂದರೆ ಮೂಲಕ್ರಮವನ್ನು ಕಾಯುವುದು: ಯಾವ ಕಚೇರಿಯಲ್ಲಿ ಯಾವ ಅನುಕ್ರಮದಲ್ಲಿ ಕಾಗದಗಳು ಹುಟ್ಟಿದವೋ ಅದೇ ಅನುಕ್ರಮದಲ್ಲಿ ಅವನ್ನು ಇಡಬೇಕು, ಓದುಗನ ಅನುಕೂಲಕ್ಕೆಂದು ವಿಷಯವಾರು ಕಲಸಬಾರದು. ಗ್ರಂಥಾಲಯದಲ್ಲಿ ಒಂದು ಪುಸ್ತಕ ಬೇರೆಡೆ ಹೋದರೆ ಅದರ ಇನ್ನೊಂದು ಪ್ರತಿ ಸಿಕ್ಕೀತು. ಕಡತದಿಂದ ಒಂದು ಟಿಪ್ಪಣಿ ಹಾಳೆ ಕಳಚಿಹೋದರೆ ಹಿಂದಿನ ಹಾಳೆಗೂ ಮುಂದಿನ ಹಾಳೆಗೂ ಅರ್ಥ ಕೆಡುತ್ತದೆ. ಎರಡನೆಯ ಪಾಠ ಮೌಲ್ಯನಿರ್ಧಾರ, ಅಂದರೆ 'ಎ' ವರ್ಗಕ್ಕೆ ಸೇರಿಸಿ ಶಾಶ್ವತವಾಗಿ ಉಳಿಸಬೇಕಾದದ್ದು ಯಾವುದು, ಉಳಿದ ವರ್ಗಗಳಲ್ಲಿಟ್ಟು ನಿಗದಿತ ವರ್ಷಗಳ ನಂತರ ನಾಶ ಮಾಡಬಹುದಾದದ್ದು ಯಾವುದು ಎಂಬ ತೀರ್ಮಾನ. ಈ ವರ್ಗವನ್ನು ಕಡತದ ಮೇಲೆ ಮೊದಲು ಗುರುತಿಸುವವನು ಪತ್ರಾಗಾರದ ಅಧಿಕಾರಿಯಲ್ಲ, ಕಡತವನ್ನು ಮುಕ್ತಾಯ ಮಾಡುವ ಇಲಾಖೆಯ ವಿಷಯ ನಿರ್ವಾಹಕ. ಅವನ ಒಂದು ಅಕ್ಷರದ ಗುರುತಿನ ಮೇಲೆ ನೂರು ವರ್ಷದ ನಂತರದ ಸಂಶೋಧಕನ ಭಾಗ್ಯ ನಿಂತಿರುತ್ತದೆ.

ಹಳೆಯ ಕಾಗದಕ್ಕೆ ತಾರೀಖು ಹಾಕುವುದೇ ಒಂದು ವಿದ್ಯೆ. ಪ್ಲವ ಸಂವತ್ಸರವೆಂದಷ್ಟೇ ಬರೆದಿರುವ ಕಡತ 1841–42ರದೋ 1901–02ರದೋ ಎಂಬುದನ್ನು ಅದರಲ್ಲಿ ಬರುವ ಅಧಿಕಾರಿಯ ಹೆಸರಿನಿಂದಲೋ ನಾಣ್ಯದ ಲೆಕ್ಕದಿಂದಲೋ ತೀರ್ಮಾನಿಸಬೇಕು, ಏಕೆಂದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. ಕರಾವಳಿಯ ಕಂದಾಯ ದಾಖಲೆಗಳಲ್ಲಿ ಫಸಲಿ ವರ್ಷವಿರುತ್ತದೆ; ಜುಲೈಯಿಂದ ಜೂನಿನವರೆಗಿನ ಆ ಲೆಕ್ಕದಲ್ಲಿ ಫಸಲಿ 1300 ಎಂದರೆ ಕ್ರಿ.ಶ. 1890–91. ಟಿಪ್ಪುವಿನ ಕಾಲದ ಕಾಗದಗಳಲ್ಲಿ ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕೆ ಬರುತ್ತದೆ. ಇದರ ಮೇಲೆ ಲಿಪಿಯ ತೊಡಕು: ಮೋಡಿಯನ್ನು ಸರಾಗವಾಗಿ ಓದಬಲ್ಲವರು ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟು ಜನರಾಗಿದ್ದಾರೆ. ಕೆಳದಿಯ ವಸ್ತುಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಗುಂಡಾ ಜೋಯಿಸರಂಥವರು ಆ ವಿದ್ಯೆಯನ್ನು ಸ್ವಂತ ಆಸಕ್ತಿಯಿಂದ ಉಳಿಸಿಕೊಂಡು ಬಂದರು. ಸರ್ಕಾರಿ ಹುದ್ದೆಯ ಅರ್ಹತೆಯಾಗಿ ಅದನ್ನು ಬೆಳೆಸುವುದು ಇನ್ನೂ ಆಗಬೇಕಾದ ಕೆಲಸ.

ಕಾಗದದ ಆರೈಕೆ ಕೈಕೆಲಸದವರದು. ಹತ್ತೊಂಬತ್ತನೆಯ ಶತಮಾನದಲ್ಲಿ ಬಳಸಿದ ಕಬ್ಬಿಣದ ಅಂಶವುಳ್ಳ ಶಾಯಿ ಆಮ್ಲಗುಣದಿಂದ ಕಾಗದವನ್ನು ಒಳಗೊಳಗೇ ಸುಡುತ್ತದೆ. ದಪ್ಪವಾಗಿ ಬರೆದ ಅಕ್ಷರಗಳಿದ್ದ ಕಡೆ ಕೊನೆಗೆ ಅಕ್ಷರದ ಆಕಾರದ ತೂತು ಮಾತ್ರ ಉಳಿಯುತ್ತದೆ. ಅಂಥ ಹಾಳೆಯನ್ನು ಮೊದಲು ಕ್ಷಾರದ ದ್ರಾವಣದಲ್ಲಿ ಅದ್ದಿ ಆಮ್ಲವನ್ನು ತಗ್ಗಿಸಿ, ಎರಡೂ ಬದಿಗೆ ತೆಳುವಾದ ಟಿಶ್ಯೂ ಕಾಗದವನ್ನೋ ರೇಷ್ಮೆಯ ಶಿಫಾನ್ ಬಟ್ಟೆಯನ್ನೋ ಗಂಜಿಯಿಂದ ಅಂಟಿಸುತ್ತಾರೆ. ಸ್ವಾತಂತ್ರ್ಯಾನಂತರ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ರೂಪುಗೊಂಡು ದೇಶದ ಪತ್ರಾಗಾರಗಳಲ್ಲೆಲ್ಲ ಹರಡಿದ ಇನ್ನೊಂದು ವಿಧಾನದಲ್ಲಿ ಸೆಲ್ಯುಲೋಸ್ ಅಸಿಟೇಟ್ ಹಾಳೆಯನ್ನೂ ಟಿಶ್ಯೂವನ್ನೂ ದಾಖಲೆಯ ಮೇಲಿಟ್ಟು ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಕೂಡಿಸುತ್ತಿದ್ದರು. ಯಂತ್ರ ಬೇಡದ, ಅಗ್ಗದ ಆ ವಿಧಾನದಿಂದ ಲಕ್ಷಾಂತರ ಹಾಳೆಗಳು ಅಂದು ಉಳಿದವು; ಆದರೆ ಅಸಿಟೇಟ್ ಕಾಲಾಂತರದಲ್ಲಿ ತಾನೇ ಹಾಳಾಗುವುದೆಂದು ತಿಳಿದ ಮೇಲೆ ತಜ್ಞರು ಮತ್ತೆ ಗಂಜಿ ಮತ್ತು ಟಿಶ್ಯೂವಿನ ಹಳೆಯ ಕ್ರಮಕ್ಕೆ ಒಲವು ತೋರುತ್ತಿದ್ದಾರೆ.

ಕಾನೂನಿನ ಬಲವೂ ತಡವಾಗಿ ಬಂತು. 1993ರ ಕೇಂದ್ರದ ಸಾರ್ವಜನಿಕ ದಾಖಲೆಗಳ ಅಧಿನಿಯಮ 1892ಕ್ಕಿಂತ ಹಿಂದಿನ ಯಾವ ದಾಖಲೆಯನ್ನೂ, ಅದು ಓದಲಾಗದಷ್ಟು ಹಾಳಾಗಿದ್ದ ಹೊರತು, ನಾಶ ಮಾಡಬಾರದೆಂದು ವಿಧಿಸಿ, ದಾಖಲೆಗಳನ್ನು ಅಕ್ರಮವಾಗಿ ನಾಶಪಡಿಸಿದವರಿಗೆ ಐದು ವರ್ಷದವರೆಗಿನ ಸೆರೆವಾಸ ಅಥವಾ 10,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ಗೊತ್ತುಮಾಡಿತು. ಕರ್ನಾಟಕ ತನ್ನದೇ ಸಾರ್ವಜನಿಕ ದಾಖಲೆಗಳ ಅಧಿನಿಯಮವನ್ನು 2010ರದಾಗಿ ಪಡೆದುಕೊಂಡಿತು. ಈ ನಡುವೆ ಭೂಮಿ ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರ ಪಹಣಿಗಳು ಗಣಕಯಂತ್ರಕ್ಕೆ ಏರಿದವು, ಸಚಿವಾಲಯದ ಕಡತಗಳು ಇ-ಆಫೀಸಿಗೆ ಹೋದವು. ಕಾಗದವಿಲ್ಲದ ಕಡತದ ಟಿಪ್ಪಣಿಗಳನ್ನು ಐವತ್ತು ವರ್ಷದ ನಂತರ ಯಾವ ತಂತ್ರಾಂಶದಲ್ಲಿ ತೆರೆಯುವುದು, ಯಾರು ಅದರ 'ಎ' ವರ್ಗವನ್ನು ಗುರುತಿಸುವುದು ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಸ್ಥಾನದಲ್ಲಿ ಇರಬೇಕಾದವನು ಪತ್ರಾಗಾರದ ಅಧಿಕಾರಿ. ಕಡತ ಮುಚ್ಚಿದ ಮೇಲೆ ಅಲ್ಲ, ತೆರೆಯುವಾಗಲೇ ಅವನ ಮಾತನ್ನು ಕೇಳುವ ಪದ್ಧತಿ ಬರಬೇಕು.

ಸರ್ಕಾರದ ಕಡತ ಹೇಳದ ಮಾತುಗಳನ್ನು ಬಸವನಗುಡಿ ಬೇರೆ ರೀತಿಯಲ್ಲಿ ಉಳಿಸಿಕೊಂಡಿದೆ. ಅಬಕಾರಿ ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದು ಗವಿಪುರದಲ್ಲಿ ನೆಲೆಸಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಕೊಡಗಿನ ಪತನವನ್ನು ಕಾದಂಬರಿಯಾಗಿಸಿದರು, ಡಿ.ವಿ. ಗುಂಡಪ್ಪನವರು ಜ್ಞಾಪಕ ಚಿತ್ರಶಾಲೆಯ ಎಂಟು ಸಂಪುಟಗಳಲ್ಲಿ ದಿವಾನರಿಂದ ಹಿಡಿದು ಹಳ್ಳಿಯ ಸಾಮಾನ್ಯರವರೆಗೆ ಅನೇಕರ ನಡೆನುಡಿಗಳನ್ನು ದಾಖಲಿಸಿದರು. ಅವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬುಲ್ ಟೆಂಪಲ್ ರಸ್ತೆಯಲ್ಲಿದೆ. ನರಸಿಂಹರಾಜ ಕಾಲೊನಿಯ ಬಿ.ಎಂ.ಶ್ರೀ. ಸ್ಮಾರಕ ಪ್ರತಿಷ್ಠಾನ ಹಸ್ತಪ್ರತಿಗಳ ಸಂಗ್ರಹವನ್ನು ಇಟ್ಟುಕೊಂಡಿದೆ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯಲ್ಲಿದೆ.

ಈ ಬಡಾವಣೆಗಳ ಹಳೆಯ ಮನೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟುಗಳಾಗುತ್ತಿವೆ. ಅಟ್ಟದಲ್ಲಿದ್ದ ಟ್ರಂಕುಗಳು ಕೆಳಗಿಳಿಯುತ್ತಿರುವುದು ಈಗಲೇ. ಅಜ್ಜ ಶಾನುಭೋಗರಾಗಿದ್ದರೆ ಕಡತ, ಮುತ್ತಜ್ಜ ಅಮಲ್ದಾರರಾಗಿದ್ದರೆ ಜಮಾಬಂದಿಯ ದಿನಚರಿ, ಕೆಲಸಕ್ಕೆ ಬಾರದ ಹಾಳೆಯೆಂದು ಕಾಣುವ ನಿವೇಶನದ ಹಂಚಿಕೆ ಪತ್ರ, ಮನೆ ಕಟ್ಟಿದ ಖರ್ಚಿನ ಪುಸ್ತಕ ಇವು ಆ ಟ್ರಂಕುಗಳಲ್ಲಿರುವುದು ಅಪರೂಪವಲ್ಲ. ಅವನ್ನು ತೂಕಕ್ಕೆ ಹಾಕುವ ಮೊದಲು ಮನೆಯವರು ರಾಜ್ಯ ಪತ್ರಾಗಾರವನ್ನೋ ಹಸ್ತಪ್ರತಿಗಳನ್ನು ಕಾಪಾಡುವ ಸಮೀಪದ ಸಂಸ್ಥೆಯನ್ನೋ ಸಂಪರ್ಕಿಸಬೇಕು. ಕಾಗದಗಳನ್ನು ತಾವೇ ವಿಂಗಡಿಸಲು, ಅಂಟುಪಟ್ಟಿ ಹಚ್ಚಲು, ಬಿಸಿಲಿಗಿಡಲು ಹೋಗದೆ ಇದ್ದ ಕಟ್ಟನ್ನು ಇದ್ದ ಹಾಗೆಯೇ, ಅದು ಯಾರದು, ಯಾವ ಊರಿನದು ಎಂಬ ಒಂದು ಚೀಟಿಯೊಡನೆ ಒಪ್ಪಿಸಬೇಕು.